ನಿವೃತ್ತರಾಗುವವರ ಅನುಭವವನ್ನು ಕಚೇರಿಯಲ್ಲಿ ಉಳಿಸಿಕೊಳ್ಳಲು ಯಾವ ಪೋರ್ಟಲ್ ಒಳ್ಳೆಯದು?
11 ವರ್ಷಗಳ ಹಿಂದೆ ನಾನೂ ಇದನ್ನೇ ಕೇಳುತ್ತಿದ್ದೆ. ಆಗ ಸರ್ಕಾರಿ ನೀರು ಸರಬರಾಜು ಸಂಸ್ಥೆಯೊಂದರ ನಿರ್ವಹಣಾ ವಿಭಾಗ ನನ್ನ ಕೈಯಲ್ಲಿತ್ತು. 30 ವರ್ಷ ಪೈಪುಗಳ ಜೊತೆಗೇ ಕಳೆದಿದ್ದ ಮೇಲ್ವಿಚಾರಕರೊಬ್ಬರು ನಿವೃತ್ತರಾಗುವ ಮುನ್ನ, "ಸರ್, ಎರಡು ದಿನ ನನ್ನ ಜೊತೆ ಲೈನ್ ಮೇಲೆ ಬನ್ನಿ, ಎಲ್ಲ ತೋರಿಸಿಬಿಡುತ್ತೇನೆ" ಎಂದರು. ನಾನು 14 ಪುಟಗಳ ನಮೂನೆಯನ್ನು ಅವರ ಕೈಗಿತ್ತೆ. ಅವರು ಒಂದು ಅಂಕಣವನ್ನೂ ಖಾಲಿ ಬಿಡದೆ ತುಂಬಿಸಿದರು. ನಾನು ಅದನ್ನು ಪೋರ್ಟಲ್‌ಗೆ ಏರಿಸಿ ಮೇಲಧಿಕಾರಿಗಳಿಂದ ಶಹಭಾಸ್‌ಗಿರಿ ಪಡೆದೆ.

ಐದು ತಿಂಗಳಿಗೆ ಮುಖ್ಯ ಕೊಳವೆ ಒಡೆಯಿತು. ವಾಲ್ವ್ ಎಲ್ಲಿದೆ, ವ್ಯಾಸವೆಷ್ಟು, ಕೂರಿಸಿದ್ದು ಯಾವಾಗ ಎಂಬುದೆಲ್ಲ ನಮೂನೆಯಲ್ಲಿತ್ತು. ಅದು ಎಡಕ್ಕೆ ತಿರುಗಿಸಿದರೆ ಮುಚ್ಚುವ ವಾಲ್ವ್ ಎಂಬುದು ಮಾತ್ರ ಇರಲಿಲ್ಲ, ಏಕೆಂದರೆ ಅದನ್ನು ಕೇಳುವ ಅಂಕಣವನ್ನೇ ನಾನು ಇಟ್ಟಿರಲಿಲ್ಲ. ಹುಡುಗರು ಉಳಿದ ವಾಲ್ವ್‌ಗಳಂತೆ ಬಲಕ್ಕೆ ತಿರುಗಿಸಿದರು. ಮೊದಲೇ ಪೂರ್ತಿ ತೆರೆದಿದ್ದ ಅದು ಅಲುಗಲಿಲ್ಲ. ತುಕ್ಕು ಹಿಡಿದಿದೆಯೆಂದುಕೊಂಡು ವಾಲ್ವ್ ತಿರುಗಿಸುವ ಕೀಲಿಗೆ ಉದ್ದನೆಯ ಪೈಪು ಸಿಕ್ಕಿಸಿ ಮೂವರು ಜಗ್ಗಿದಾಗ ವಾಲ್ವ್‌ನ ಸ್ಪಿಂಡಲ್, ಅಂದರೆ ತಿರುಗುವ ದಂಡ, ತುಂಡಾಯಿತು. ನೀರು ನಿಲ್ಲಿಸಲು ಒಂಬತ್ತು ತಾಸು ಬೇಕಾಯಿತು. ಆ ಮೇಲ್ವಿಚಾರಕರಿಗೆ ಫೋನ್ ಮಾಡಿದರೆ, "ಅದು ಉಲ್ಟಾ ವಾಲ್ವ್ ಅಲ್ಲವೇ ಸರ್, ಎಲ್ಲರಿಗೂ ಗೊತ್ತಿದೆ ಅಂದುಕೊಂಡಿದ್ದೆ" ಎಂದರು. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಅದು ಹೇಳಬೇಕಾದ ವಿಷಯವೆಂದು ಅವರಿಗೆ ಹೊಳೆಯುತ್ತಿದ್ದುದು ವಾಲ್ವ್ ಇರುವ ಗುಂಡಿಗಿಳಿದು, ಕೈ ತಾನಾಗಿ ಎಡಕ್ಕೆ ಹೊರಳಿದಾಗ ಮಾತ್ರ. ತತ್ತ್ವಜ್ಞಾನಿ ಮೈಕೆಲ್ ಪೊಲಾನಿ 1966ರಲ್ಲಿ ವಿವರಿಸಿದ ಅವ್ಯಕ್ತ ಜ್ಞಾನ, ಅಂದರೆ ಗೊತ್ತಿದ್ದರೂ ಮಾತಿಗೆ ಸಿಗದ ತಿಳಿವು, ಎಂದರೆ ಇದೇ. ತರಬೇತಿಯಲ್ಲಿ ಅದನ್ನು ಎರಡೆರಡು ಸಲ ಕೇಳಿ ಟಿಪ್ಪಣಿ ಬರೆದುಕೊಂಡಿದ್ದವನು ನಾನು.

ಆದ್ದರಿಂದ ಪೋರ್ಟಲ್ ವಿಷಯ ಬಿಡಿ, ಯಾವುದಾದರೂ ನಡೆಯುತ್ತದೆ. ಉತ್ತರಾಧಿಕಾರಿಯನ್ನು ಎರಡು ತಿಂಗಳು ಮೊದಲೇ ನೇಮಿಸಿ, ಇಬ್ಬರೂ ಜೊತೆಯಲ್ಲೇ ಓಡಾಡುವಂತೆ ಲಿಖಿತ ಆದೇಶ ಹೊರಡಿಸಿ. ಒಂದು ಹುದ್ದೆಗೆ ಎರಡು ಸಂಬಳವೇ ಎಂದು ಲೆಕ್ಕಪತ್ರ ವಿಭಾಗ ಆಕ್ಷೇಪಿಸುತ್ತದೆ. ಆ ಜಗಳವನ್ನು ಆಡಿಯೇ ತೀರಬೇಕು.

ಇನ್ನೊಂದು, ಅಮೆರಿಕದ ಸೇನೆಯಲ್ಲಿರುವಂತೆ, ಪ್ರತಿ ದೊಡ್ಡ ಕೆಲಸದ ನಂತರ ಕುಳಿತು ಆಗಬೇಕಾಗಿದ್ದೇನು, ಆದದ್ದೇನು, ಏಕೆ ಹಾಗಾಯಿತು, ಮುಂದೇನು ಎಂದು ಕೇಳಿಕೊಳ್ಳುವುದು. ಅಲ್ಲಿ ಆಡಿದ ಮಾತು ಶಿಸ್ತುಕ್ರಮದ ಕಡತಕ್ಕೆ ಹೋಗಕೂಡದು, ಮತ್ತು ಅತಿ ಕಿರಿಯರು ಮೊದಲು ಮಾತಾಡಬೇಕು. ಸಾಹೇಬರು ಬಾಯಿ ತೆರೆದರೆ ಉಳಿದವರು ತಲೆಯಾಡಿಸುವುದಷ್ಟೇ. ನಾವು ಮೊದಲ ಸಲ ಹಾಗೆ ಕುಳಿತಾಗ, ಆ ಮೇಲ್ವಿಚಾರಕರ ಚೀಲ ಹೊತ್ತು ತಿರುಗಿದ್ದ ಸಹಾಯಕನೊಬ್ಬ, ಅಂಥ ಉಲ್ಟಾ ವಾಲ್ವ್‌ಗಳು ಇನ್ನೂ ಎರಡಿವೆ ಎಂದ.