‘ರಂಗಸ್ಥಲಂ’ ಸಿನಿಮಾ ತೆಲುಗಿನಲ್ಲೇ ನೋಡಬೇಕಾ, ಕನ್ನಡ ಡಬ್ಬಿಂಗ್ ಸಾಕಾ? ನನಗೆ ತೆಲುಗು ಅಷ್ಟಕ್ಕಷ್ಟೇ.

ಅಯ್ಯೋ, ನಾನೂ ಹೀಗೇ ತಲೆ ಕೆಡಿಸಿಕೊಂಡಿದ್ದೆ. 2018ರ ಏಪ್ರಿಲ್, ಬಳ್ಳಾರಿ. ಆಗ ಕನ್ನಡದ್ದು ಬಂದೇ ಇರಲಿಲ್ಲ, ‘ರಂಗಸ್ಥಳ’ ಅಂತ ಬಂದಿದ್ದು 2019ರಲ್ಲಿ. ನನ್ನ ತೆಲುಗು ಅಂದರೆ ತರಕಾರಿ ಚೌಕಾಸಿಗೆ ಸಾಕಾಗುವಷ್ಟು. ಸಿನಿಮಾದಲ್ಲಿ ರಾಮ್ ಚರಣ್ ಆಡುವುದು ಗೋದಾವರಿ ಕಡೆಯ ಹಳ್ಳಿ ಮಾತು, ನಮ್ಮ ಕಡೆಯ ತೆಲುಗಿನ ಹಾಗಿಲ್ಲ. ಅರ್ಥ ಆಗದಿದ್ದರೆ ಕೇಳೋಣ ಅಂತ ಮಾವನ ಮಗನನ್ನು ಜೊತೆಗೆ ಎಳೆದುಕೊಂಡು ಹೋದೆ.

ಎಡವಟ್ಟಾಗಿದ್ದು ಭಾಷೆಯಿಂದ ಅಲ್ಲ, ಮಿರ್ಚಿಯಿಂದ.

ಥಿಯೇಟರ್ ಎದುರು ಗಾಡಿಯವನು ಬಿಸಿ ಬಿಸಿ ಮಿರ್ಚಿ ತೆಗೆಯುತ್ತಿದ್ದ. ಮಾವನ ಮಗ “ಸಿನಿಮಾ ಶುರುವಾಯ್ತು ಬಾರೋ” ಅಂದ. ನಾನೇ ತಡೆದೆ. ನನ್ನ ಲೆಕ್ಕ ಏನಪ್ಪಾ ಅಂದರೆ, ಮೊದಲು ಸಿಗರೇಟ್ ಜಾಹೀರಾತು, ಆಮೇಲೆ ಹೆಸರುಗಳು, ಆಮೇಲೆ ಹೀರೋ ಬರುತ್ತಾನೆ, ಹತ್ತು ಜನರನ್ನು ಹೊಡೆಯುತ್ತಾನೆ, ಒಂದು ಹಾಡು. ತೆಲುಗು ಸಿನಿಮಾ ಅಂದರೆ ಇಷ್ಟೇ ಅಲ್ವಾ, ಹತ್ತು ನಿಮಿಷ ಹೋದರೆ ಏನು ಗಂಟು ಹೋಗುತ್ತೆ? ಇನ್ನೊಂದು ಪ್ಲೇಟ್ ಮಂಡಕ್ಕಿ ಬೇರೆ ಹೇಳಿದೆ. ಕೈ ಒರೆಸಿಕೊಂಡು ಒಳಗೆ ಹೋಗಿ ಕೂತಾಗ ಕಥೆ ಆಗಲೇ ಹಿಂದಕ್ಕೆ, ಊರಿಗೆ ಹೋಗಿಬಿಟ್ಟಿತ್ತು.

ನಾನು ಕಳೆದುಕೊಂಡಿದ್ದು ಇದು: ಚಿಟ್ಟಿಬಾಬು, ಅಂದರೆ ರಾಮ್ ಚರಣ್ ಪಾತ್ರ, ಉಸಿರು ಕಟ್ಟಿಕೊಂಡು ಸೈಕಲ್ ತುಳಿಯುತ್ತಾ ಪ್ರಕಾಶ್ ರಾಜ್ ಪಾತ್ರವನ್ನು ಹುಡುಕುತ್ತಾನೆ, ಸಿಗುವ ಹೊತ್ತಿಗೆ ಪ್ರಕಾಶ್ ರಾಜ್‌ಗೆ ಲಾರಿ ಗುದ್ದುತ್ತೆ. ಇಷ್ಟೇ. ಆದರೆ ಈ ಮನುಷ್ಯನನ್ನು ಉಳಿಸಲು ಇವನಿಗೇಕೆ ಇಷ್ಟು ಒದ್ದಾಟ ಅನ್ನೋ ಪ್ರಶ್ನೆಯನ್ನು ನಿರ್ದೇಶಕ ಸುಕುಮಾರ್ ಅಲ್ಲೇ ಇಟ್ಟು, ಉತ್ತರವನ್ನು ಹತ್ತಿರ ಹತ್ತಿರ ಮೂರು ಗಂಟೆ ಆದಮೇಲೆ ಕೊಡುತ್ತಾರೆ. ಉತ್ತರ ಏನು ಅಂತ ಹೇಳಲ್ಲ. ಅದು ಬಂದಾಗ ಇಡೀ ಥಿಯೇಟರ್ ಗಪ್‌ಚಿಪ್. ನಾನೊಬ್ಬ ಮಾತ್ರ “ಇವನು ಯಾಕೋ ಹೀಗೆ ಮಾಡಿದ?” ಅಂತ ಜೋರಾಗಿಯೇ ಕೇಳಿದೆ. ಮುಂದಿನ ಸೀಟಿನ ಅಜ್ಜ ಹಿಂತಿರುಗಿ ನೋಡಿದ ನೋಟ ಇನ್ನೂ ಮರೆತಿಲ್ಲ. ಸಿನಿಮಾದಲ್ಲಿ ಕಿವಿ ಸರಿಯಾಗಿ ಕೇಳದವನು ಚಿಟ್ಟಿಬಾಬು, ಆವತ್ತು ಕಿವುಡ ನಾನೇ ಆಗಿದ್ದೆ.

ಭಾಷೆಯಿಂದ ತೊಂದರೆ ಆಯ್ತಾ? ನನಗಂತೂ ಇಲ್ಲ. ಊರನ್ನು ಮುಷ್ಟಿಯಲ್ಲಿ ಇಟ್ಟುಕೊಂಡ ಪ್ರೆಸಿಡೆಂಟ್, ಸಾಲದಲ್ಲಿ ಮುಳುಗಿದ ರೈತರು, ದುಬೈನಿಂದ ಬಂದು ಅವನ ಎದುರು ಚುನಾವಣೆಗೆ ನಿಲ್ಲುವ ಚಿಟ್ಟಿಬಾಬುವಿನ ಅಣ್ಣ. ಇದಕ್ಕೆ ನಿಘಂಟು ಬೇಕಾ? ಪ್ರೆಸಿಡೆಂಟ್ ಆಗಿರುವ ಜಗಪತಿ ಬಾಬು ಸುಮ್ನೆ ಕೂತರೂ ಹೆದರಿಕೆ ಆಗುತ್ತೆ. ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ. ಯಾವ ಭಾಷೆ ಅನ್ನೋದಕ್ಕಿಂತ ಹೇಗೆ ಕೂತು ನೋಡ್ತೀರಿ ಅನ್ನೋದು ಮುಖ್ಯ. ಅಡುಗೆ ಮಾಡುತ್ತಾ ಫೋನಿನಲ್ಲಿ ನೋಡೋದಾದರೆ ಬಿಟ್ಟುಬಿಡಿ. ಧ್ವನಿಗೆ ರಾಷ್ಟ್ರಪ್ರಶಸ್ತಿ ಬಂದಿರುವ ಸಿನಿಮಾ ಇದು, ಒಂದು ಒಳ್ಳೆ ಹೆಡ್‌ಫೋನ್ ಆದರೂ ಹಾಕಿಕೊಳ್ಳಿ. ಬಲವಂತ ಮಾಡಿ ಕೇಳಿದರೆ ತೆಲುಗೇ ಅಂತೀನಿ. ಆ ಗೋದಾವರಿ ಎಳೆತ ಕನ್ನಡಕ್ಕೆ ಹೇಗೆ ತರ್ತಾರೆ ಹೇಳಿ?

ಆರು ತಿಂಗಳಾದ ಮೇಲೆ ಮನೆಯಲ್ಲಿ ಮೊದಲಿಂದ ಹಾಕಿಕೊಂಡು ಕೂತೆ. ಸೈಕಲ್ ದೃಶ್ಯ ಬಂತು. ಮಾವನ ಮಗ ನನ್ನ ಮುಖ ನೋಡುತ್ತಾ “ಈಗ ಗೊತ್ತಾಯ್ತಾ?” ಅಂದ. ಗೊತ್ತಾಯ್ತು. ಆದರೆ ಕೊನೆಗೆ ಏನಾಗುತ್ತೆ ಅನ್ನೋದೂ ಆಗಲೇ ಗೊತ್ತಿತ್ತಲ್ಲ.