ಮರ ಕಡಿಯಲು ಬಿಡಲ್ಲ ಅಂತಾಳೆ ಮಗಳು, ಏನು ಮಾಡಲಿ?

ಪ್ರಶ್ನೆ: ಮಗಳಿಗೆ ಹತ್ತು ವರ್ಷ. ಅವಳ ಶಾಲೆಯ ಮುಂದೆ ಒಂದು ದೊಡ್ಡ ಹೊಂಗೆ ಮರ ಇದೆ. ರಸ್ತೆ ಅಗಲ ಮಾಡಲು ಅದನ್ನು ಕಡಿಯುತ್ತಾರಂತೆ. ಕಾಂಡದ ಮೇಲೆ ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರೆ. ಅವತ್ತಿನಿಂದ ಇವಳು "ನಾನು ಬಿಡಲ್ಲ, ಹೋರಾಟ ಮಾಡ್ತೀನಿ" ಅಂತ ಹಟ ಹಿಡಿದಿದ್ದಾಳೆ. ನಮ್ಮ ಮನೆಯವರು "ಓದೋ ವಯಸ್ಸಲ್ಲಿ ಇದೆಲ್ಲ ಯಾಕೆ? ಮರ ಹೇಗೂ ಹೋಗುತ್ತೆ, ಆಮೇಲೆ ಅಳ್ತಾಳೆ" ಅನ್ನುತ್ತಾರೆ. ಅವಳ ಬಾಯಿ ಮುಚ್ಚಿಸಲು ನನಗೆ ಮನಸ್ಸಿಲ್ಲ. ಹುರಿದುಂಬಿಸಲು ಭಯ.

ಉತ್ತರ: ಮೊದಲು ಒಂದು ಮಾತು. ಈ ಮರದ ಚಿಂತೆಯನ್ನು ಅವಳ ತಲೆಗೆ ನೀವು ತುಂಬಿದ್ದಲ್ಲ, ಅವಳೇ ಕಂಡುಕೊಂಡಿದ್ದಾಳೆ. ಇದು ತುಂಬಾ ದೊಡ್ಡ ವಿಷಯ. ಅಪ್ಪ ಅಮ್ಮ ಬರೆದುಕೊಟ್ಟ ಫಲಕ ಹಿಡಿದು ನಿಲ್ಲುವ ಮಕ್ಕಳನ್ನು ನೋಡಿದ್ದೇನೆ. ಯಾಕೆ ಬಂದಿದ್ದೀಯ ಅಂತ ಕೇಳಿದರೆ ಅಮ್ಮನ ಮುಖ ನೋಡುತ್ತವೆ. ನಿಮ್ಮ ಮಗಳು ಹಾಗಲ್ಲ. ಹಾಗಾಗಿ ಮುಂದೆಯೂ ಇದು ಅವಳದೇ ಆಗಿರಲಿ.

ಇವತ್ತೇ ಅವಳನ್ನು ಕೂರಿಸಿಕೊಂಡು "ಆ ಮರ ಯಾಕೆ ಬೇಕು ನಿನಗೆ?" ಅಂತ ಕೇಳಿ. ಆಮೇಲೆ ಸುಮ್ನೆ ಕೇಳಿಸಿಕೊಳ್ಳಿ. ಪರಿಸರ, ಆಮ್ಲಜನಕ ಅಂತ ಪುಸ್ತಕದ ಮಾತು ಬಂದರೆ ಇನ್ನೊಮ್ಮೆ ಕೇಳಿ. ವ್ಯಾನ್ ಬರುವವರೆಗೆ ಅದರ ನೆರಳಲ್ಲಿ ನಿಲ್ಲುತ್ತೇವೆ ಅನ್ನಬಹುದು. ಹೂ ಉದುರಿದಾಗ ನೆಲ ಚಂದ ಕಾಣುತ್ತೆ ಅನ್ನಬಹುದು. ಅದೇ ನಿಜವಾದ ಕಾರಣ.

ಇನ್ನೊಂದು ಕಡೆಯವರ ಮಾತನ್ನೂ ಅವಳು ಕೇಳಬೇಕು. ಇದನ್ನು ದಯವಿಟ್ಟು ಬಿಡಬೇಡಿ. ರಸ್ತೆ ಯಾಕೆ ಅಗಲ ಆಗಬೇಕಂತೆ? ಅಲ್ಲಿ ಅಪಘಾತ ಆಗಿದೆಯಾ? ಮರದ ಕೆಳಗಿನ ಟೀ ಅಂಗಡಿಯವರನ್ನು, ಆಟೋದವರನ್ನು, ಶಾಲೆಯ ಮೇಷ್ಟ್ರನ್ನು ಅವಳೇ ಕೇಳಲಿ, ನೀವು ಜೊತೆಗಿರಿ. ನಂಬರ್ ಬರೆದವರು ಕೆಟ್ಟವರಲ್ಲ, ಅವರಿಗೂ ಒಂದು ಕಾರಣ ಇರುತ್ತೆ ಅಂತ ಆಗ ಗೊತ್ತಾಗುತ್ತೆ. ಅಷ್ಟೆಲ್ಲ ಕೇಳಿದ ಮೇಲೂ ಮರ ಉಳಿಯಬೇಕು ಅನ್ನಿಸಿದರೆ, ಅದು ಬರೀ ಹಟ ಅಲ್ಲ.

ಅವಳಿಗೆ ಸಾಲ್ಕಣಿಯ ಕತೆ ಹೇಳಿ. 1983ರ ಸೆಪ್ಟೆಂಬರ್. ಶಿರಸಿ ತಾಲ್ಲೂಕಿನ ಆ ಊರಿನ ಗಂಡಸರು, ಹೆಂಗಸರು, ಮಕ್ಕಳು ಕಾಡಿಗೆ ನಡೆದು ಹೋಗಿ, ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. 38 ದಿನ ಪಟ್ಟು ಬಿಡಲಿಲ್ಲ. ಕೊನೆಗೆ ಕಡಿಯುವ ಆದೇಶ ವಾಪಸಾಯಿತು. ಮಕ್ಕಳಿಗೆ ಅಪ್ಪಿಕೊಂಡಿದ್ದು ಮಾತ್ರ ನೆನಪಲ್ಲಿ ಉಳಿಯುತ್ತೆ. ಆದರೆ ಆ ಜನಕ್ಕೆ ತಮ್ಮ ಕಾಡು ಚೆನ್ನಾಗಿ ಗೊತ್ತಿತ್ತು. ಸಹಜ ಕಾಡು ಹೋಗಿ ತೇಗದ ತೋಪು ಬಂದರೆ ತಮ್ಮ ಬದುಕಿಗೆ ಏನಾಗುತ್ತೆ ಅಂತ ಕಂಡಿದ್ದರು. ಅಪ್ಪಿಕೋ ಚಳವಳಿ ಅಂತ ಹೆಸರಾದ ಆ ಹೋರಾಟದ ಘೋಷಣೆ "ಉಳಿಸು, ಬೆಳೆಸು, ಬಳಸು". ಕೊನೆಯ ಪದ ಗಮನಿಸಿ. ಕಾಡನ್ನು ಮುಟ್ಟಲೇಬಾರದು ಅಂತ ಅವರು ಹೇಳಲಿಲ್ಲ. ಹತ್ತು ವರ್ಷದ ಮಗುವಿಗೆ ಈ ಒಂದು ಪದವನ್ನು ವಿವರಿಸಿದರೂ ಸಾಕು.

ಇನ್ನು ಕೆಲಸದ ಮಾತು. ಮರ ಕಡಿಯುವುದಕ್ಕೆ ನಮ್ಮಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಅದರ ಪ್ರಕಾರ ವೃಕ್ಷ ಅಧಿಕಾರಿಯ, ಅಂದರೆ ಇದಕ್ಕೆಂದು ನೇಮಿಸಿದ ಅರಣ್ಯ ಅಧಿಕಾರಿಯ, ಅನುಮತಿ ಬೇಕು. ಅನುಮತಿ ಸಿಕ್ಕಿದೆಯಾ, ಮರ ಉಳಿಸಿಕೊಂಡೇ ರಸ್ತೆ ಮಾಡಲು ಆಗುತ್ತಾ ಅಂತ ಕೇಳಿ ಮಗಳು ತನ್ನ ಕೈಯಲ್ಲೇ ಒಂದು ಪತ್ರ ಬರೆಯಲಿ. ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ, ನೀವು ತಿದ್ದಿ ಅಂದ ಮಾಡಲು ಹೋಗಬೇಡಿ. ಅದನ್ನು ಆ ಅಧಿಕಾರಿಯ ಕಚೇರಿಯಲ್ಲಿ ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ನಿಮ್ಮದು ಗ್ರಾಮ ಪಂಚಾಯಿತಿ ಆಗಿದ್ದರೆ ಮಕ್ಕಳ ಗ್ರಾಮಸಭೆ ನಡೆಯುತ್ತೆ. ಮಕ್ಕಳು ಎದ್ದು ನಿಂತು ಪ್ರಶ್ನೆ ಕೇಳುವುದಕ್ಕೇ ಇರುವ ಸಭೆ ಅದು. ಯಾವತ್ತು ಅಂತ ವಿಚಾರಿಸಿ.

ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಗೆ ನೀರು ಬರುತ್ತಿರಲಿಲ್ಲ. ಅಮ್ಮನಿಗೆ ಓದಲು ಅಷ್ಟಾಗಿ ಬರುತ್ತಿರಲಿಲ್ಲ. ಬೀದಿಯವರ ಅರ್ಜಿಯನ್ನು ನನ್ನ ಕೈಲಿ ಜೋರಾಗಿ ಓದಿಸಿ, ತಾನು ಹೆಬ್ಬೆಟ್ಟು ಒತ್ತುತ್ತಿದ್ದಳು. ಅನ್ಯಾಯ ಕಂಡರೆ ಮಾತಾಡು ಅಂತ ಒಂದು ದಿನವೂ ಬುದ್ಧಿ ಹೇಳಿದವಳಲ್ಲ.

ಕೆಲವು ಕಡೆ ನೀವು ಗಟ್ಟಿಯಾಗಿ ಬೇಡ ಅನ್ನಲೇಬೇಕು. ಜೆಸಿಬಿ ಮುಂದೆ ಮಗು ನಿಲ್ಲಬಾರದು. ಅವಳು ಅಳುವ ವಿಡಿಯೊವನ್ನು ಯಾರಿಗೂ ಕಳಿಸಬೇಡಿ, ಎಷ್ಟೇ ಒಳ್ಳೆಯ ಉದ್ದೇಶ ಇದ್ದರೂ.

ನಿಮ್ಮ ಮನೆಯವರ ಭಯ ಸುಳ್ಳಲ್ಲ. ಮರ ಹೋಗಬಹುದು. ಇದನ್ನು ಪತ್ರ ಬರೆಯುವ ಮೊದಲೇ ಮಗಳಿಗೆ ಹೇಳಿ: "ನಾವು ಕೇಳೋಣ, ಆದರೂ ಕಡಿಯಬಹುದು." ಕಡಿದರೆ ಅವಳು ಅಳಲಿ. "ಇನ್ನೊಂದು ಗಿಡ ನೆಟ್ಟರಾಯ್ತು ಬಿಡು" ಅಂತ ಅವತ್ತೇ ಸಮಾಧಾನ ಮಾಡಬೇಡಿ, ಅವಳಿಗೆ ಬೇಕಿದ್ದದ್ದು ಆ ಮರ. ಈಗಲೇ ಹೊಂಗೆ ಕಾಯಿ ಉದುರಿದ್ದರೆ ನಾಲ್ಕು ಆರಿಸಿಟ್ಟುಕೊಳ್ಳಿ. ಬಿತ್ತೋಣ ಅಂತ ಅವಳೇ ಕೇಳುವವರೆಗೆ ಕಾಯಿರಿ.

ಪತ್ರ ಕೊಡಲು ಹೋಗುವ ದಿನ ಅವಳ ಅಪ್ಪನನ್ನೂ ಕರೆದುಕೊಂಡು ಹೋಗಿ. ಅವರೇನೂ ಮಾತಾಡಬೇಕಿಲ್ಲ, ಪಕ್ಕದಲ್ಲಿ ನಿಂತಿದ್ದರೆ ಸಾಕು.