ಶನಿವಾರದ ಹೊಟ್ಟೆನೋವು

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಅಂಕೋಲಾ ಕಡೆಯ ತಾಯಿಯೊಬ್ಬರು ಐದನೇ ತರಗತಿಯ ಮಗಳನ್ನು ಕಾರವಾರಕ್ಕೆ, ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಕರೆತಂದಿದ್ದರು. ಶನಿವಾರ ಬಂತೆಂದರೆ ಹೊಟ್ಟೆನೋವು. ಡಾಕ್ಟರು ಏನೂ ಇಲ್ಲ ಅಂದಿದ್ದರು. "ಸುಮ್ನೆ ನೆಪ ಮೇಡಂ, ಶಾಲೆ ಬೇಡ ಇದಕ್ಕೆ" ಎಂದರು ತಾಯಿ. ಆದರೆ ಉಳಿದ ದಿನ ಹುಡುಗಿ ಒಮ್ಮೆಯೂ ಶಾಲೆ ತಪ್ಪಿಸಿರಲಿಲ್ಲ.

ಅವಳು ಬಾಯಿ ಬಿಡಲಿಲ್ಲ. ಹಾಳೆ ಕೊಟ್ಟು, "ನಿನ್ನ ಶಾಲೆ ಬಿಡಿಸು ಪುಟ್ಟಿ" ಅಂದೆ. ಹಾಳೆ ತುಂಬ ಮೈದಾನ, ಮೈದಾನದ ತುಂಬ ಹುಡುಗರು. ಮೂಲೆಯಲ್ಲೊಂದು ಬಾದಾಮಿ ಮರ, ಅದರ ಕೆಳಗೆ ಚಪ್ಪಲಿಗಳ ಸಾಲು, ಪಕ್ಕದಲ್ಲಿ ಎರಡು ಜಡೆಯ ಪುಟ್ಟ ಗೊಂಬೆ.

"ಇದು ಯಾರು?"

"ನಾನು. ಹುಡುಗ್ರ ಚಪ್ಪಲಿ ಕಾಯೂಕೆ ಕೂತದ್ದು."

ಶನಿವಾರ ಆಟದ ಪೀರಿಯಡ್ಡು. ಹುಡುಗರಿಗೆ ಕಬಡ್ಡಿ, ಹುಡುಗಿಯರಿಗೆಲ್ಲ ಸೇರಿ ಒಂದು ಸ್ಕಿಪ್ಪಿಂಗ್ ಹಗ್ಗ. ಇವಳೋ ಸಮುದ್ರದ ಮರಳಲ್ಲಿ ಅಣ್ಣಂದಿರ ಜೊತೆ ಕಬಡ್ಡಿ ಆಡಿಯೇ ಬೆಳೆದವಳು. ನಾನೂ ಆಡ್ತೇನೆ ಎಂದದ್ದಕ್ಕೆ ಮಾಸ್ತರು, "ಪೆಟ್ಟಾದ್ರೆ ನಿಮ್ಮನೆಯವರು ನನ್ನ ಕೇಳ್ತಾರೆ" ಅಂದರಂತೆ. ಹುಡುಗರೆಲ್ಲ ನಕ್ಕರಂತೆ.

ಆ ನೋವು ನೆಪವಲ್ಲ, ಮನಸ್ಸಿನ ಸಂಕಟಕ್ಕೆ ಮಕ್ಕಳ ಹೊಟ್ಟೆ ನಿಜಕ್ಕೂ ನೋಯುತ್ತದೆ ಎಂದು ತಾಯಿಗೆ ಮೊದಲು ಹೇಳಿದೆ. ಅವರ ಚಿಂತೆ ಬೇರೆ. ಗಾಯದ ಕಲೆ ಉಳಿದರೆ? ಕಾರ್ಕಳದ ಮಮತಾ ಪೂಜಾರಿಯವರ ವಿಷಯ ತೆಗೆದೆ. ಏಷ್ಯನ್ ಗೇಮ್ಸ್‌ನಲ್ಲಿ 2010 ಮತ್ತು 2014ರಲ್ಲಿ ಚಿನ್ನ ಗೆದ್ದ ನಮ್ಮ ಕಬಡ್ಡಿ ತಂಡಗಳಲ್ಲಿ ಅವರಿದ್ದರು. "ಹೌದಾ, ನಮ್ಮ ಕರಾವಳಿಯವರೇ?" ಎಂದು ತಾಯಿ ಎರಡು ಸಲ ಕೇಳಿದರು. ಮಗಳಿಗೆ ಸ್ಕರ್ಟ್ ಬದಲು ಟ್ರ್ಯಾಕ್ ಪ್ಯಾಂಟ್ ಹಾಕಿ ಕಳಿಸಿ, ಸಣ್ಣಪುಟ್ಟ ಗಾಯಕ್ಕೆ ದೂರುವುದಿಲ್ಲ ಎಂದು ಮಾಸ್ತರಿಗೊಂದು ಚೀಟಿ ಬರೆದುಕೊಡಿ ಎಂದೆ.

ತಾಯಿಯ ಒಪ್ಪಿಗೆ ಪಡೆದು ಮಾಸ್ತರಿಗೂ ಫೋನ್ ಮಾಡಿದೆ. ಕೆಟ್ಟವರಲ್ಲ, ಹೆದರಿದವರು. ಒಂಬತ್ತು ಹತ್ತು ವರ್ಷದಲ್ಲಿ ಹುಡುಗ ಹುಡುಗಿಯರ ಶಕ್ತಿಯಲ್ಲಿ ಅಂಥ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಹಾಗಾಗಿ ತೂಕ, ಎತ್ತರ ನೋಡಿ ತಂಡ ಮಾಡಿ, ಆರಿಸುವುದನ್ನು ಹುಡುಗರಿಗೆ ಬಿಡಬೇಡಿ, ಹುಡುಗರೂ ಹಗ್ಗ ಜಿಗಿಯಲಿ ಎಂದೆ. ನಕ್ಕವರ ಜೊತೆ ಒಮ್ಮೆ ಕೂತು ಮಾತಾಡಲೂ ಕೇಳಿಕೊಂಡೆ. ಅದಕ್ಕೆ ಅವರು ಹೂಂ ಅನ್ನಲು ಸ್ವಲ್ಪ ಹೊತ್ತು ಹಿಡಿಯಿತು.

ತಿಂಗಳ ನಂತರ ತಾಯಿ ಮಗಳು ಮತ್ತೆ ಬಂದರು. ಚಪ್ಪಲಿ ಈಗ ಯಾರೂ ಕಾಯುವುದಿಲ್ಲವಂತೆ. ಹೊಟ್ಟೆನೋವು ಒಂದು ಶನಿವಾರ ಮಾತ್ರ ಬಂದಿತ್ತಂತೆ. ತಂಡದಲ್ಲಿ ಇದ್ದಾಳೆ, ಆದರೆ ರೈಡಿಗೆ ಹುಡುಗರು ಇನ್ನೂ ಬಿಡುವುದಿಲ್ಲ. ಮಾಸ್ತರಿಗೆ ಮತ್ತೊಮ್ಮೆ ಫೋನ್ ಮಾಡುತ್ತೇನೆ ಎಂದಿದ್ದೇನೆ.